ನಿಮ್ಮ ‘ಇಫ್’ ಲೇಖನ ಓದಿದೆ

ನಮಸ್ಕಾರ.

ಶೆಲ್ ಸ್ಕ್ರಿಪ್ಟ್‌ನಲ್ಲಿ, ಅಂದರೆ ಕಮಾಂಡ್‌ಗಳನ್ನು ಓಡಿಸುವ ಶೆಲ್ ಎಂಬ ಪ್ರೋಗ್ರಾಂಗೆ ಬರೆದಿಡುವ ಕಮಾಂಡ್ ಪಟ್ಟಿಯಲ್ಲಿ, ‘ಇಫ್’ ಬಳಸಿ ಷರತ್ತು ಬರೆಯುವುದು ಹೇಗೆ ಎಂದು ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ತಿದ್ದಿ ಕಳಿಸಿದರೆ ಖಂಡಿತ ಮತ್ತೆ ಓದುತ್ತೇನೆ. ತಿದ್ದಬೇಕಾದ್ದು ಏನು ಎಂದು ನೇರವಾಗಿಯೇ ಹೇಳಿಬಿಡುತ್ತೇನೆ.

ಮೊದಲ ಎರಡು ಪ್ಯಾರಾ ತೆಗೆಯಿರಿ. ‘ಮಳೆ ಬಂದರೆ ಕೊಡೆ ಹಿಡಿಯುತ್ತೇವೆ, ಕಂಪ್ಯೂಟರ್ ಕೂಡ ಹಾಗೆಯೇ’ ಎಂಬ ಪೀಠಿಕೆ ಯಾವ ಭಾಷೆಯ ಇಫ್‌ಗಾದರೂ ಹೊಂದುತ್ತದೆ. ಶೆಲ್‌ನ ಇಫ್ ಬಗ್ಗೆ ಅದು ಏನೂ ಹೇಳುವುದಿಲ್ಲ. ಲೇಖನದ ದೊಡ್ಡ ಕೊರತೆಯೂ ಇದೇ. ಸಿ, ಪೈಥಾನ್ ಕಲಿತ ಕಣ್ಣಿನಿಂದ ಶೆಲ್ ನೋಡಿದ್ದೀರಿ. ಶೆಲ್‌ನಲ್ಲಿ ಇಫ್ ಮುಂದೆ ಇರುವುದು ಒಂದು ಕಮಾಂಡ್. ಶೆಲ್ ಅದನ್ನು ಓಡಿಸುತ್ತದೆ, ಮುಗಿದ ಮೇಲೆ ಅದರ ಎಕ್ಸಿಟ್ ಸ್ಟೇಟಸ್ (ಕೆಲಸ ಆಯಿತೋ ಇಲ್ಲವೋ ಎಂದು ಅದು ಕೊಡುವ ಸಂಖ್ಯೆ) ನೋಡುತ್ತದೆ. 0 ಬಂದರೆ ದೆನ್ ಭಾಗ ನಡೆಯುತ್ತದೆ. 1ರಿಂದ 255ರವರೆಗೆ ಏನೇ ಬಂದರೂ ಎಲ್ಸ್ ಭಾಗ. ಸಿ ಭಾಷೆಯಲ್ಲಿ ಸೊನ್ನೆ ಅಂದರೆ ‘ತಪ್ಪು’, ಇಲ್ಲಿ ಸೊನ್ನೆ ಅಂದರೆ ‘ಸರಿ’. ಸಿ ಬಲ್ಲವರು ಎಡವುವುದೇ ಇಲ್ಲಿ, ಅಲ್ವಾ? ಇದನ್ನು ನೀವು ಎಲ್ಲೂ ಹೇಳಿಲ್ಲ.

ಹೇಳಿದ್ದರೆ ಮುಂದಿನ ಎಷ್ಟೋ ಸಾಲುಗಳು ತಾವಾಗಿಯೇ ಸರಿಹೋಗುತ್ತಿದ್ದವು. ‘[ ಆದ ಮೇಲೆ ಜಾಗ ಬಿಡಲೇಬೇಕು, ಇದು ನಿಯಮ’ ಎಂದು ಬರೆದಿದ್ದೀರಿ. ಯಾಕೆ ಬಿಡಬೇಕು? [ ಎಂಬುದು ಒಂದು ಕಮಾಂಡ್‌ನ ಹೆಸರು, ಷರತ್ತು ಪರೀಕ್ಷಿಸುವ ಟೆಸ್ಟ್ ಕಮಾಂಡ್‌ನ ಇನ್ನೊಂದು ರೂಪ. ಅದರ ಮುಂದೆ ಇರುವುದೆಲ್ಲ ಆರ್ಗ್ಯುಮೆಂಟ್‌ಗಳು, ಅಂದರೆ ಕಮಾಂಡ್‌ಗೆ ಜಾಗ ಬಿಟ್ಟು ಕೊಡುವ ಪದಗಳು, ಕೊನೆಯ ] ಕೂಡ. ಇಷ್ಟು ಗೊತ್ತಾದರೆ ಓದುಗರು ನಿಯಮ ಬಾಯಿಪಾಠ ಮಾಡಬೇಕಿಲ್ಲ. ವೇರಿಯಬಲ್ ಅನ್ನು ಕೊಟೇಶನ್ ಒಳಗೆ ಯಾಕೆ ಇಡಬೇಕು ಎಂಬುದೂ ಹೊಳೆಯುತ್ತದೆ: ಕೊಟೇಶನ್ ಇಲ್ಲದ ವೇರಿಯಬಲ್ ಖಾಲಿ ಇದ್ದರೆ ಆ ಆರ್ಗ್ಯುಮೆಂಟೇ ಮಾಯ. = ಚಿಹ್ನೆಯ ಎಡಗಡೆ ಏನೂ ಉಳಿಯುವುದಿಲ್ಲ, ಎರರ್ ಬರುತ್ತದೆ.

ಈಗ ನಿಮ್ಮ ಡಿಸ್ಕ್ ಉದಾಹರಣೆಗೆ ಬರೋಣ. ಬಳಕೆ > 90 ಇದ್ದರೆ ‘ಡಿಸ್ಕ್ ತುಂಬುತ್ತಿದೆ’, ಅದರ ಕೆಳಗೆ ಇನ್ನೊಂದು ಇಫ್ ಹಾಕಿ, ಬಳಕೆ < 90 ಇದ್ದರೆ ‘ತೊಂದರೆ ಇಲ್ಲ’. ಎರಡೂ ಒಂದೇ ಆವರಣದ [ ] ಒಳಗೆ. ಇದನ್ನು ನೀವು ಓಡಿಸಿ ನೋಡಿದಂತಿಲ್ಲ. ಬಳಕೆ ಶೇ 20 ಇದ್ದರೂ ಮೊದಲ ಎಚ್ಚರಿಕೆ ಬರುತ್ತದೆ. ಯಾಕೆಂದರೆ ಅಲ್ಲಿ > ಹೋಲಿಕೆ ಮಾಡುತ್ತಿಲ್ಲ, ಔಟ್‌ಪುಟ್ ಅನ್ನು ಫೈಲಿಗೆ ತಿರುಗಿಸುತ್ತಿದೆ. ಶೆಲ್ ‘90’ ಎಂಬ ಹೆಸರಿನ ಖಾಲಿ ಫೈಲ್ ಮಾಡಿಟ್ಟು, [ ಗೆ 20 ಒಂದನ್ನೇ ಕೊಡುತ್ತದೆ. ಖಾಲಿಯಲ್ಲದ ಒಂದೇ ಪದ ಸಿಕ್ಕರೆ [ ಅದನ್ನು ‘ಸರಿ’ ಎನ್ನುತ್ತದೆ. ತಮಾಷೆ ಇರುವುದು ಎರಡನೇ ಇಫ್‌ನಲ್ಲಿ. < ಆ 90 ಎಂಬ ಫೈಲನ್ನು ಓದಲು ಹೋಗುತ್ತದೆ, ಅದು ಈಗಷ್ಟೇ ಹುಟ್ಟಿದೆಯಲ್ಲ, ಹಾಗಾಗಿ ಇದೂ ಸರಿ! ಡಿಸ್ಕ್ ತುಂಬುತ್ತಿದೆ, ತೊಂದರೆಯೂ ಇಲ್ಲ. ಸಂಖ್ಯೆ ಹೋಲಿಸಲು -ಜಿಟಿ (ಹೆಚ್ಚು), -ಎಲ್‌ಟಿ (ಕಡಿಮೆ) ಬಳಸಿ. ಆದರೆ ಈ ತಪ್ಪು ಉದಾಹರಣೆಯನ್ನು ತೆಗೆಯಬೇಡಿ. ‘ಹೀಗೆ ಬರೆದರೆ ಏನಾಗುತ್ತದೆ’ ಎಂದು ಇದನ್ನೇ ಲೇಖನದ ನಡುವೆ ಇಡಿ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ಸಿಗುವುದಿಲ್ಲ.

ಫೈಲಿನಲ್ಲಿ ಪದ ಹುಡುಕುವ ಗ್ರೆಪ್ ಕಮಾಂಡ್ ಓಡಿಸಿ, ಆಮೇಲೆ $? ಅನ್ನು (ಹಿಂದಿನ ಕಮಾಂಡ್‌ನ ಎಕ್ಸಿಟ್ ಸ್ಟೇಟಸ್) 0 ಜೊತೆ ಹೋಲಿಸಿದ್ದೀರಿ. ಅದು ಸುಮ್ನೆ ಸುತ್ತು ದಾರಿ. ಗ್ರೆಪ್ ಅನ್ನೇ ಇಫ್ ಮುಂದೆ ಇಡಬಹುದು. ಜೊತೆಗೆ, ಹುಡುಕಿದ್ದು ಸಿಗದಿದ್ದರೆ ಗ್ರೆಪ್ 1 ಕೊಡುತ್ತದೆ, ಫೈಲೇ ಇಲ್ಲದಿದ್ದರೆ 2. ನಿಮ್ಮ ಸ್ಕ್ರಿಪ್ಟ್ ಎರಡಕ್ಕೂ ‘ಹೆಸರು ಪಟ್ಟಿಯಲ್ಲಿಲ್ಲ’ ಎನ್ನುತ್ತದೆ.

&& ಮತ್ತು || (ಹಿಂದಿನದು ಸರಿಯಾದರೆ ಮುಂದಿನದನ್ನು ಓಡಿಸುವುದು ಮೊದಲನೆಯದು, ವಿಫಲವಾದರೆ ಓಡಿಸುವುದು ಎರಡನೆಯದು) ಸೇರಿಸಿದರೆ ಒಂದೇ ಸಾಲಿನಲ್ಲಿ ಇಫ್-ಎಲ್ಸ್ ಆಗುತ್ತದೆ ಎಂಬ ನಿಮ್ಮ ಮಾತು ತಪ್ಪು. ‘ಬ್ಯಾಕಪ್ && ಹಳೆಯದನ್ನು ಅಳಿಸು || ಬ್ಯಾಕಪ್ ಆಗಲಿಲ್ಲ ಎಂದು ತಿಳಿಸು’ ಎಂಬ ನಿಮ್ಮ ಸಾಲನ್ನೇ ನೋಡಿ. ಬ್ಯಾಕಪ್ ಚೆನ್ನಾಗಿ ಆಗಿ, ಅಳಿಸುವುದು ಮಾತ್ರ ವಿಫಲವಾದರೂ ‘ಬ್ಯಾಕಪ್ ಆಗಲಿಲ್ಲ’ ಎಂದೇ ಬರುತ್ತದೆ. ರಾತ್ರಿ ಆ ಮೆಸೇಜ್ ನೋಡಿದವರ ಗತಿ ಯೋಚಿಸಿ.

ಬ್ಯಾಶ್ ಎಂಬ ಶೆಲ್‌ನಲ್ಲಿ ಷರತ್ತು ಬರೆಯುವ ಇನ್ನೊಂದು ರೂಪವಾದ [[ ]] ಬಗ್ಗೆ ಬರೆದದ್ದು ಸರಿಯಿದೆ. ಆದರೆ ಯಾವ ಶೆಲ್ ಓಡಿಸಬೇಕು ಎಂದು ಹೇಳುವ ಸ್ಕ್ರಿಪ್ಟ್‌ನ ಮೊದಲ ಸಾಲಿನಲ್ಲಿ ಬ್ಯಾಶ್ ಬದಲು ಬರೀ ಎಸ್‌ಎಚ್ ಹಾಕಿದ್ದೀರಿ. ಉಬುಂಟುವಿನಲ್ಲಿ 2006ರಿಂದಲೂ ಎಸ್‌ಎಚ್ ಅಂದರೆ ಡ್ಯಾಶ್ ಎಂಬ ಬೇರೆ ಶೆಲ್. ಅದಕ್ಕೆ [[ ಗೊತ್ತಿಲ್ಲ. ಅಂಥ ಕಮಾಂಡ್ ಸಿಗಲಿಲ್ಲ ಎಂದು 127 ಕೊಡುತ್ತದೆ. ಅದೂ ಸೊನ್ನೆಯಲ್ಲ, ಹಾಗಾಗಿ ಸ್ಕ್ರಿಪ್ಟ್ ನಿಲ್ಲದೆ ಎಲ್ಸ್ ಕಡೆ ನಡೆದುಬಿಡುತ್ತದೆ.

ಇಫ್ ಅನ್ನು ಮುಗಿಸುವ ‘ಫಿ’ ಎಂಬುದು ನೀವು ಬರೆದಂತೆ ಫಿನಿಶ್‌ನ ಚಿಕ್ಕ ರೂಪ ಅಲ್ಲ, ತಿರುವುಮುರುವಾದ ಇಫ್. ಸ್ಟೀಫನ್ ಬೋರ್ನ್ ತಮ್ಮ ಶೆಲ್‌ಗೆ ಇದನ್ನು ಆಲ್ಗಾಲ್ 68 ಭಾಷೆಯಿಂದ ತಂದರು. ಆ ಶೆಲ್ 1979ರ ಯುನಿಕ್ಸ್ 7ನೇ ಆವೃತ್ತಿಯ ಜೊತೆ ಬಂತು. ಒಂದು ಸಾಲು ಸಾಕು, ಜಾಸ್ತಿ ಬೆಳೆಸಬೇಡಿ.

ಹಲವು ಆಯ್ಕೆಗಳಲ್ಲಿ ಹೊಂದುವುದನ್ನು ಆರಿಸುವ ಕೇಸ್ ಬಗ್ಗೆ ಬರೆದ ಭಾಗ ನನಗೆ ತುಂಬ ಹಿಡಿಸಿತು. ಉದ್ದನೆಯ ಎಲಿಫ್ (ಎಲ್ಸ್ ಇಫ್) ಸಾಲನ್ನು ಬಿಚ್ಚಿ, ಅದೇ ಕೆಲಸವನ್ನು ಕೇಸ್‌ನಲ್ಲಿ ಮಾಡಿ ತೋರಿಸಿದ್ದೀರಿ. ಅಲ್ಲಿ ನಿಮ್ಮ ಭಾಷೆಯೂ ಸಡಿಲವಾಗಿದೆ, ಗೊತ್ತಿರುವುದನ್ನು ಹೇಳುವವರ ಧೈರ್ಯ ಇದೆ. ಅದನ್ನು ಮುಟ್ಟಬೇಡಿ.

ತಿದ್ದಿದ ಮೇಲೆ ಎಲ್ಲ ಸ್ಕ್ರಿಪ್ಟ್‌ಗಳನ್ನೂ ಒಮ್ಮೆ ಸ್ಕ್ರಿಪ್ಟ್‌ನ ತಪ್ಪು ಹುಡುಕುವ ಶೆಲ್‌ಚೆಕ್‌ಗೆ ಕೊಟ್ಟು ನೋಡಿ. ಲೇಖನದ ಜೊತೆ ಸ್ಕ್ರಿಪ್ಟ್ ಫೈಲ್‌ಗಳನ್ನೂ ಬೇರೆಯಾಗಿ ಕಳಿಸಿ. ನೀವು ಲೇಖನ ಟೈಪ್ ಮಾಡಿದ ಸಾಫ್ಟ್‌ವೇರ್ ಕೋಡ್‌ನಲ್ಲಿದ್ದ ನೇರ ಕೊಟೇಶನ್‌ಗಳನ್ನೆಲ್ಲ ಬಾಗಿದ ಕೊಟೇಶನ್ ಮಾಡಿಬಿಟ್ಟಿದೆ. ಶೆಲ್‌ಗೆ ಅವು ಕೊಟೇಶನ್‌ಗಳೇ ಅಲ್ಲ.