ಮೊಟ್ಟೆ ಒಡೆಯೋ ಮೊದಲು ಗೊಜ್ಜಿನ ಹದ ನೋಡಿ

ಪ್ರಶ್ನೆ: ನಮ್ಮದು ಮಾಲೂರು ತಾಲ್ಲೂಕಿನ ಹಳ್ಳಿ. ಮನೆಯವರು ಟೊಮೆಟೊ ಬೆಳೆಯುತ್ತಾರೆ. ಈ ಸಲ ಬಾಕ್ಸ್ ಬೆಲೆ ಬಿದ್ದು ಮನೆ ತುಂಬ ಹಣ್ಣು. ಮಗಳು ಮೊಬೈಲ್‌ನಲ್ಲಿ ಇಟಲಿಯವರ ಅಡುಗೆಯೊಂದನ್ನು ನೋಡಿದಳು. ಟೊಮೆಟೊ ಸಾಸ್‌ನಲ್ಲೇ ಮೊಟ್ಟೆ ಒಡೆದು ಬೇಯಿಸೋದು. ಮಾಡು ಅಂತ ಹಠ ಹಿಡಿದಳು. ಮೂರು ಸಲ ಮಾಡಿದೆ. ಮೊದಲ ಸಲ ಬಿಳಿಯೆಲ್ಲ ನೂಲುನೂಲಾಗಿ ಹರಡಿತು. ಎರಡನೇ ಸಲ ಹಳದಿ ಕಲ್ಲಾಯಿತು, ಮೇಲಿನ ಬಿಳಿ ಮಾತ್ರ ಇನ್ನೂ ಲೋಳೆ. ಮೂರನೇ ಸಲ ಹುಳಿ ತಡೆಯೋಕೆ ಆಗಲಿಲ್ಲ. ಒಳ್ಳೇ ನಾಟಿ ಹಣ್ಣನ್ನೇ ಆರಿಸಿ ಹಾಕಿದ್ದೆ. ತಪ್ಪೆಲ್ಲಿ?

ಉತ್ತರ: ಮೊದಲ ತಪ್ಪು ನಿಮ್ಮ ಕೈಯ ಅಭ್ಯಾಸದ್ದು. ನಮ್ಮ ಕಡೆ ಮೊಟ್ಟೆ ಸಾರು ಹೇಗೆ ಮಾಡ್ತೀವಿ? ಸಾರು ಕೊತಕೊತ ಕುದಿಯುವಾಗ ಮೊಟ್ಟೆ ಒಡೆದು ಹಾಕ್ತೀವಿ. ನೀವೂ ಹಾಗೇ ಮಾಡಿದ್ದೀರಿ ಅನ್ನಿಸುತ್ತೆ. ಇಟಲಿಯವರ ಈ ಅಡುಗೆಗೆ ಸಾರಿನ ಹದ ಆಗೋದಿಲ್ಲ, ಟೊಮೆಟೊ ಗೊಜ್ಜಿನ ಹದ ಬೇಕು. ಸೌಟಿನಿಂದ ಬಾಣಲೆಯ ತಳದಲ್ಲಿ ಒಂದು ಗೆರೆ ಎಳೆಯಿರಿ. ಎರಡೂ ಕಡೆಯಿಂದ ನೀರು ಓಡಿಬಂದು ಗೆರೆ ತಕ್ಷಣ ಮುಚ್ಚಿದರೆ ಇನ್ನೂ ಆಗಿಲ್ಲ. ಮೂರ್ನಾಲ್ಕು ಎಣಿಸುವಷ್ಟು ಹೊತ್ತು ಗೆರೆ ನಿಂತರೆ ಮೊಟ್ಟೆ ಕೈಗೆತ್ತಿಕೊಳ್ಳಿ. ಆ ಮೊದಲು ಮುಟ್ಟಬೇಡಿ.

ಈ ಅಡುಗೆಗೆ ಇಟಲಿಯ ನೇಪಲ್ಸ್ ನಗರದ ಕಡೆ ಇಟ್ಟಿರುವ ಹೆಸರು ಉವೋವಾ ಇನ್ ಪುರ್ಗತೋರಿಯೋ. ಪುರ್ಗತೋರಿಯೋ ಅಂದರೆ ಕ್ಯಾಥೊಲಿಕ್ ನಂಬಿಕೆಯಲ್ಲಿ ಸತ್ತವರ ಆತ್ಮ ಸ್ವರ್ಗಕ್ಕೆ ಹೋಗುವ ಮೊದಲು ಬೆಂಕಿಯಲ್ಲಿ ಶುದ್ಧಿಯಾಗುವ ಜಾಗ. ನರಕ ಅಲ್ಲ, ದಾರಿಯಲ್ಲಿ ಸಿಗುವ ತಂಗುದಾಣ ಅಂದುಕೊಳ್ಳಿ. ನೇಪಲ್ಸ್‌ನ ಬೀದಿ ಮೂಲೆಗಳ ಸಣ್ಣ ಗುಡಿಗಳಲ್ಲಿ ಸೊಂಟದವರೆಗೆ ಉರಿಯಲ್ಲಿ ಮುಳುಗಿದ ಮಣ್ಣಿನ ಗೊಂಬೆಗಳು ಈಗಲೂ ಕಾಣಸಿಗುತ್ತವೆ. ಕೆಂಪು ಸಾಸ್ ಆ ಬೆಂಕಿ, ಮಧ್ಯೆ ಕೂತ ಮೊಟ್ಟೆ ಆ ಆತ್ಮ. ಸೊಂಟದವರೆಗೆ ಅಂದೆನಲ್ಲ, ಅಷ್ಟೇ ಮುಳುಗಬೇಕು. ನಿಮ್ಮದು ಪೂರ್ತಿ ಮುಳುಗಿಹೋಗಿದೆ.

ಈಗ ಹುಳಿಯ ವಿಷಯ. ನಾಟಿ ಹಣ್ಣು ಆರಿಸಿದ್ದೇ ಎಡವಟ್ಟಾಯಿತು. ಸಾರಿಗೆ, ಗೊಜ್ಜಿಗೆ ನಾಟಿಯನ್ನು ಮೀರಿದ್ದಿಲ್ಲ, ಒಪ್ಪಿದೆ. ಆದರೆ ಅದರಲ್ಲಿ ರಸ ಜಾಸ್ತಿ, ಬೀಜ ಜಾಸ್ತಿ, ಹುಳಿ ಜಾಸ್ತಿ. ಕುದಿಸಿ ನೀರು ಇಂಗಿಸಿದಷ್ಟೂ ಆ ಹುಳಿ ಗಟ್ಟಿಯಾಗುತ್ತೆ, ಕಡಿಮೆಯಾಗೋದಿಲ್ಲ. ಇಟಲಿಯವರು ಸಾಸ್‌ಗೆ ಹೆಸರಾಗಿರುವ ಸಾನ್ ಮರ್ಜಾನೊ ಅನ್ನುವ ಹಣ್ಣನ್ನು ಬಳಸುತ್ತಾರೆ. ವೆಸೂವಿಯಸ್ ಬೆಟ್ಟದ ಹತ್ತಿರದ ಬಯಲಲ್ಲಿ ಬೆಳೆಯುವ ಉದ್ದನೆ ಹಣ್ಣು ಅದು. ತಿರುಳು ದಪ್ಪ, ಬೀಜ ಕಮ್ಮಿ, ನೀರು ಕಮ್ಮಿ. ನಮ್ಮಲ್ಲಿ ಅದಕ್ಕೆ ಹತ್ತಿರ ಬರೋದು ನಾಟಿ ಅಲ್ಲ, ಮೊಟ್ಟೆಯಾಕಾರದ ಹೈಬ್ರಿಡ್ ಹಣ್ಣು. ಹೈಬ್ರಿಡ್ ಅಂದರೆ ಮೂಗು ಮುರಿಯುವ ನಮ್ಮಂಥವರೂ ಈ ಒಂದು ಅಡುಗೆಯಲ್ಲಿ ಅದರ ಮುಂದೆ ಸೋಲಬೇಕು.

ಇನ್ನೊಂದು ಮಾತು. ದೂರದ ಊರಿಗೆ ಹೋಗುವ ಹಣ್ಣನ್ನು ದೋರಗಾಯಿ ಇರುವಾಗಲೇ ಕೀಳ್ತಾರೆ, ನಿಮಗೆ ಗೊತ್ತಿರೋದೇ. ಬಾಕ್ಸ್‌ನಿಂದ ತೆಗೆದು ಹಾಗೇ ಬೇಯಿಸಬೇಡಿ. ಗೋಣಿಚೀಲದ ಮೇಲೆ ಒಂದೇ ಪದರವಾಗಿ ಹರಡಿ ನೆರಳಿನಲ್ಲಿ ಮೂರ್ನಾಲ್ಕು ದಿನ ಬಿಡಿ. ಪೂರ್ತಿ ಕೆಂಪಾಗಿ, ಒತ್ತಿದರೆ ಸ್ವಲ್ಪ ಮೆತ್ತಗಾಗಬೇಕು. ಫ್ರಿಜ್ ಬೇಡ, ಅಲ್ಲಿಟ್ಟರೆ ರುಚಿ ಸಪ್ಪೆ. 2023ರ ಜುಲೈನಲ್ಲಿ ಕೋಲಾರದ ಮಾರ್ಕೆಟ್‌ನಲ್ಲಿ 15 ಕೆಜಿ ಬಾಕ್ಸ್ 2,000 ರೂಪಾಯಿ ದಾಟಿತ್ತು. ಆಗ ಯಾರೂ ಹಣ್ಣಾಗಲಿ ಅಂತ ಮನೇಲಿ ಕಾಯುತ್ತಾ ಕೂರಲಿಲ್ಲ. ನಿಮಗೆ ಈಗ ಕಾಯುವ ಪುರುಸೊತ್ತಿದೆ. ಬೆಲೆ ಬಿದ್ದ ಹೊಟ್ಟೆಯುರಿಯ ಮಧ್ಯೆ ಇದೊಂದೇ ಅನುಕೂಲ ಅನ್ನಿ.

ನಾಲ್ಕು ಮೊಟ್ಟೆಗೆ ಒಂದು ಕೆಜಿ ಹಣ್ಣು ತೆಗೆದುಕೊಳ್ಳಿ. ಹೈಬ್ರಿಡ್ ಸಿಪ್ಪೆ ದಪ್ಪ, ಬಾಯಿಗೆ ಸಿಕ್ಕಿದರೆ ಕಾಗದ ತಿಂದ ಹಾಗೆ. ಹಣ್ಣನ್ನು ಅಡ್ಡಕ್ಕೆ ಹೋಳು ಮಾಡಿ, ಕಾಯಿ ತುರಿಯುವ ದಪ್ಪ ತುರಿಮಣೆಗೆ ಉಜ್ಜಿ. ತಿರುಳು ಪಾತ್ರೆಗೆ ಬೀಳುತ್ತೆ, ಸಿಪ್ಪೆ ಕೈಯಲ್ಲೇ ಉಳಿಯುತ್ತೆ. ಬಿಸಿನೀರು, ತಣ್ಣೀರು ಅಂತ ಒದ್ದಾಡೋದು ಬೇಡ. ಮಿಕ್ಸಿಗೂ ಹಾಕಬೇಡಿ. ಗಾಳಿ ಸೇರಿ ಬಣ್ಣ ಪೇಲವವಾಗುತ್ತೆ, ಬೀಜ ಒಡೆದರೆ ಕಹಿ ಬರುತ್ತೆ.

ಅಗಲವಾದ ಬಾಣಲೆಗೆ ಮೂರು ದೊಡ್ಡ ಚಮಚ ಎಣ್ಣೆ ಹಾಕಿ. ಇಟಲಿಯವರದು ಆಲಿವ್ ಎಣ್ಣೆ. ಇದ್ದರೆ ಸರಿ, ಇಲ್ಲದಿದ್ದರೆ ಗಾಣದ ಕಳ್ಳೆಕಾಯಿ ಎಣ್ಣೆ. ಎಣ್ಣೆ ತಣ್ಣಗಿರುವಾಗಲೇ ಜಜ್ಜಿದ ಐದಾರು ಎಸಳು ಬೆಳ್ಳುಳ್ಳಿ, ಮುರಿದ ಎರಡು ಒಣಮೆಣಸಿನಕಾಯಿ ಹಾಕಿ ಸಣ್ಣ ಉರಿ ಹಚ್ಚಿ. ಇದು ಒಗ್ಗರಣೆ ಅಲ್ಲ, ಚಟಪಟ ಅನ್ನಬಾರದು. ಬೆಳ್ಳುಳ್ಳಿ ಹೊಂಬಣ್ಣಕ್ಕೆ ತಿರುಗುವ ಮೊದಲೇ ಟೊಮೆಟೊ ಸುರಿಯಿರಿ. ಸಾಸಿವೆ, ಕರಿಬೇವು, ಅರಿಶಿನ ಯಾವುದೂ ಬೇಡ. ಕೈ ತಡೆಯೋದಿಲ್ಲ ಅಂತ ಗೊತ್ತು, ಆದರೂ ಒಂದು ಸಲ ತಡೆದು ನೋಡಿ. ಜೀರಿಗೆ, ದಪ್ಪಮೆಣಸಿನಕಾಯಿ ಹಾಕಿದರೆ ಅದು ಉತ್ತರ ಆಫ್ರಿಕಾದ ಶಕ್ಷೂಕಾ ಕಡೆ ಹೊರಳುತ್ತೆ. ಅದೂ ರುಚಿಯೇ, ಆದರೆ ಬೇರೆ ಅಡುಗೆ.

ಉಪ್ಪು ಹಾಕಿ ಮಧ್ಯಮ ಉರಿಯಲ್ಲಿ ಮುಚ್ಚದೆ ಇಂಗಿಸಿ. ಅರ್ಧ ಗಂಟೆ ಹತ್ತಿರ ಹಿಡಿಯುತ್ತೆ. ಒಂದು ಕೆಜಿ ಹಣ್ಣು ಅರ್ಧಕ್ಕೆ ಇಳಿಯುತ್ತೆ. ಆಗ ರುಚಿ ನೋಡಿ. ಇನ್ನೂ ಹುಳಿ ಅನ್ನಿಸಿದರೆ ಕಡಲೆಕಾಳಿನಷ್ಟು ಬೆಲ್ಲ. ಅದಕ್ಕಿಂತ ಜಾಸ್ತಿ ಹಾಕಿದರೆ ಬಾಟಲಿ ಸಾಸ್ ಆಗಿಬಿಡುತ್ತೆ.

ಅಲ್ಯೂಮಿನಿಯಂ ಬಾಣಲೆ ಮಾತ್ರ ಬೇಡ. ನಾನೊಮ್ಮೆ ಮಿಕ್ಕಿದ ಸಾಸನ್ನು ಅದರಲ್ಲೇ ಬಿಟ್ಟು ಮಲಗಿದ್ದೆ. ಬೆಳಿಗ್ಗೆ ನೋಡಿದರೆ ಪಾತ್ರೆ ಹೊಸದಾಗಿ ತಿಕ್ಕಿಟ್ಟ ಹಾಗೆ ಥಳಥಳ, ಸಾಸ್ ಮಾತ್ರ ನಾಲಿಗೆಗೆ ಇಟ್ಟ ನಾಣ್ಯದ ರುಚಿ. ತಳ ದಪ್ಪ ಇರುವ ಸ್ಟೀಲ್ ಬಾಣಲೆ ಒಳ್ಳೆಯದು.

ನಿಮ್ಮ ಎರಡನೇ ಸಲದ ಕಷ್ಟಕ್ಕೆ ಬರುತ್ತೇನೆ. ಮೊಟ್ಟೆಯ ಬಿಳಿ 62 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಹೆಪ್ಪುಗಟ್ಟಲು ಶುರುವಾಗುತ್ತೆ. ಆದರೆ ಪೂರ್ತಿ ಬಿಗಿಯಾಗಲು 80ರ ಹತ್ತಿರ ಹೋಗಬೇಕು. ಹಳದಿ 65ರಿಂದ 70ಕ್ಕೇ ಗಟ್ಟಿ. ಅಂದರೆ ಬಿಳಿಗೆ ಬಿಸಿ ಜಾಸ್ತಿ ಬೇಕು, ಹಳದಿಗೆ ಕಮ್ಮಿ ಸಾಕು. ಎರಡೂ ಒಂದೇ ಬಾಣಲೆಯಲ್ಲಿ, ಏನು ಮಾಡೋದು? ಸೌಟಿನ ಬೆನ್ನಿನಿಂದ ಸಾಸ್‌ನಲ್ಲಿ ನಾಲ್ಕು ಗುಳಿ ಮಾಡಿ. ಮೊಟ್ಟೆಯನ್ನು ನೇರವಾಗಿ ಒಡೆಯದೆ ಮೊದಲು ಕಪ್‌ಗೆ ಒಡೆದು, ಮೆಲ್ಲಗೆ ಗುಳಿಗೆ ಇಳಿಸಿ. ಆಮೇಲೆ ಚಮಚದ ತುದಿಯಿಂದ ಬಿಳಿಯನ್ನು ಮಾತ್ರ ಅಕ್ಕಪಕ್ಕದ ಸಾಸ್ ಜೊತೆ ಸ್ವಲ್ಪ ಕಲೆಸಿಬಿಡಿ, ಹಳದಿ ಮುಟ್ಟಬೇಡಿ. ಬಿಳಿಗೆ ಸಾಸ್‌ನ ಬಿಸಿ ನೇರವಾಗಿ ತಾಗುತ್ತೆ, ಹಳದಿ ಮೇಲೆ ತಣ್ಣಗೆ ಕೂತಿರುತ್ತೆ. ಉರಿ ಸಣ್ಣ ಮಾಡಿ ಮುಚ್ಚಿ. ಐದು ನಿಮಿಷಕ್ಕೆ ತೆಗೆದು ನೋಡಿ. ಬಿಳಿ ನಡುಗೋದು ನಿಂತಿದ್ದರೆ ಒಲೆ ಆರಿಸಿ. ಬಾಣಲೆಯ ಬಿಸಿಗೇ ಇನ್ನೂ ಸ್ವಲ್ಪ ಬೇಯುತ್ತೆ, ಬೇಗ ಬಡಿಸಿ. ಹಳದಿಯ ಸುತ್ತ ಹಸಿರು ಬಳೆ ಕಂಡರೆ ಬೆಂದಿದ್ದು ಅತಿಯಾಯಿತು ಅಂತ ಲೆಕ್ಕ.

ಮೊಟ್ಟೆ ತಾಜಾ ಇರಲಿ. ಹಳೇ ಮೊಟ್ಟೆಯ ಬಿಳಿ ನೀರಾಗಿರುತ್ತೆ, ಎಷ್ಟು ಜಾಣತನ ಮಾಡಿದರೂ ಹರಡುತ್ತೆ.

ಪ್ರಶ್ನೆ: ಇಟಲಿಯವರು ಇಂಥ ಸಾಸ್‌ಗೆ ಹಾಕುವ ಬೇಸಿಲ್ ಸೊಪ್ಪಿನ ಬದಲು ಮನೆಯ ತುಳಸಿ ಹಾಕಬಹುದಾ? (ಶಿಡ್ಲಘಟ್ಟದ ಓದುಗರು)

ಉತ್ತರ: ಬೇಡ. ಕಟ್ಟೆಯ ತುಳಸಿಯನ್ನು ಬಾಣಲೆಗೆ ಹಾಕೋಕೆ ಎಷ್ಟೋ ಮನೆಗಳಲ್ಲಿ ಒಪ್ಪೋದೂ ಇಲ್ಲ. ಅದಿರಲಿ, ಅದರಲ್ಲಿ ಲವಂಗದ ಘಾಟು ಇದೆ, ಟೊಮೆಟೊವನ್ನೇ ಮುಚ್ಚಿಹಾಕುತ್ತೆ. ಇಟಲಿಯವರ ಬೇಸಿಲ್ ನಮ್ಮ ಕಾಮಕಸ್ತೂರಿಯ ಜಾತಿಯದ್ದೇ. ಶರಬತ್ತಿಗೆ ಬೀಜ ನೆನೆಸ್ತೀವಲ್ಲ, ಅದೇ. ಆ ಬೀಜವನ್ನು ಕುಂಡದಲ್ಲಿ ಹಾಕಿದರೂ ಹುಟ್ಟುತ್ತೆ. ನಮ್ಮದರ ವಾಸನೆ ಸ್ವಲ್ಪ ಜೋರು, ನಾಲ್ಕೈದು ಎಲೆ ಸಾಕು. ಒಲೆ ಆರಿಸಿದ ಮೇಲೆ ಕೈಯಲ್ಲೇ ಹರಿದು ಹಾಕಿ.

ಪ್ರಶ್ನೆ: ಬೆಲೆ ಕಮ್ಮಿ ಇರುವಾಗ ಸಾಸ್ ಮಾಡಿ ಬಾಟಲಿಯಲ್ಲಿ ತುಂಬಿಟ್ಟರೆ ವರ್ಷವಿಡೀ ಬರುತ್ತಾ? (ಚಿಂತಾಮಣಿಯ ಓದುಗರು)

ಉತ್ತರ: ಫ್ರೀಜರ್‌ನಲ್ಲಿಟ್ಟರೆ ಆರು ತಿಂಗಳು ಧಾರಾಳ. ಡಬ್ಬಿಯ ತುಂಬ ತುಂಬಬೇಡಿ, ಹೆಪ್ಪುಗಟ್ಟಿದಾಗ ಉಬ್ಬುತ್ತೆ. ಕೆಳಗಿನ ಫ್ರಿಜ್‌ನಲ್ಲಿ ಮೂರ್ನಾಲ್ಕು ದಿನ ಅಷ್ಟೇ. ಬಾಟಲಿಗೆ ಹಾಕಿ ಅಟ್ಟದ ಮೇಲೆ ಇಡುವ ಆಸೆ ಮಾತ್ರ ಬಿಡಿ. ಬಾಟ್ಯುಲಿಸಂ ಅನ್ನುವ ಕಾಯಿಲೆ ತರುವ ವಿಷ ಹುಟ್ಟಿಸುವ ಬ್ಯಾಕ್ಟೀರಿಯಾದ ಬೀಜಕಣ ಮಾಮೂಲಿ ಕುದಿಗೆ ಸಾಯೋದಿಲ್ಲ. ಗಾಳಿಯಾಡದ, ಹುಳಿ ಸಾಲದ ಜಾಗದಲ್ಲಿ ಅದು ಬೆಳೆಯುತ್ತೆ. ಅದನ್ನು ತಡೆಯೋಕೆ ಹುಳಿಯ ಅಳತೆ, ಅಂದರೆ ಪಿಎಚ್, 4.6ಕ್ಕಿಂತ ಕೆಳಗಿರಬೇಕು. ಈ ಅಂಕಿ ಇಳಿದಷ್ಟೂ ಹುಳಿ ಜಾಸ್ತಿ ಅಂತ ಲೆಕ್ಕ. ಟೊಮೆಟೊ ಸರಿಯಾಗಿ ಆ ಗಡಿಯ ಹತ್ತಿರವೇ ಕೂತಿದೆ. ಹಣ್ಣು ಕಳಿತಷ್ಟೂ ಗಡಿ ದಾಟುವ ಸಾಧ್ಯತೆ ಹೆಚ್ಚು. ಜೊತೆಗೆ ಬೆಳ್ಳುಳ್ಳಿ, ಎಣ್ಣೆ ಬೇರೆ. ಕಣ್ಣಿಗೂ ಮೂಗಿಗೂ ಏನೂ ಗೊತ್ತಾಗದೆ ಕೆಟ್ಟಿರಬಹುದು.

ಪ್ರಶ್ನೆ: ಮನೇಲಿ ಬಸುರಿ ಸೊಸೆ ಇದ್ದಾಳೆ. ಹಳದಿ ಅರ್ಧಂಬರ್ಧ ಬೆಂದಿದ್ದು ಕೊಡಬಹುದಾ? (ಬಂಗಾರಪೇಟೆಯ ಓದುಗರು)

ಉತ್ತರ: ಬೇಡ. ಮೊಟ್ಟೆಯಲ್ಲಿ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಇರುವ ಸಾಧ್ಯತೆ ಇದೆ. ಬಸುರಿಯರಿಗೆ, ಚಿಕ್ಕ ಮಕ್ಕಳಿಗೆ, ವಯಸ್ಸಾದವರಿಗೆ ಹಳದಿಯೂ ಗಟ್ಟಿಯಾಗಲಿ. ಅವರ ಪಾಲಿನ ಮೊಟ್ಟೆಯನ್ನು ಐದು ನಿಮಿಷ ಮೊದಲೇ ಸಾಸ್‌ಗೆ ಹಾಕಿದರಾಯಿತು, ಒಂದೇ ಬಾಣಲೆ ಸಾಕು.

ಪ್ರಶ್ನೆ: ಇದು ಮುದ್ದೆ ಜೊತೆ ನಡೆಯುತ್ತಾ? (ಶ್ರೀನಿವಾಸಪುರದ ಓದುಗರು)

ಉತ್ತರ: ನಾನೂ ಮಾಡಿ ನೋಡಿದೆ, ಗಂಟಲಲ್ಲಿ ನಿಂತುಬಿಡ್ತು. ಮುದ್ದೆ ಜಾರಬೇಕು ಅಂದರೆ ಸಾರು ತೆಳ್ಳಗಿರಬೇಕು, ಅಲ್ವಾ? ಇದಕ್ಕೆ ಕಾವಲಿ ಮೇಲೆ ಕೆಂಪಗೆ ಕಾಯಿಸಿದ ಬ್ರೆಡ್ಡೇ ಸರಿ, ಚಪಾತಿಯೂ ಆದೀತು. ಮುದ್ದೆಯೇ ಬೇಕು ಅನ್ನುವವರು ಮಾಲೂರಿನವರ ಮೊದಲ ಸಲದ ಅಡುಗೆ ಮಾಡಿಕೊಳ್ಳಿ. ಅದಕ್ಕೆ ಎರಡು ಚಮಚ ಸಾರಿನ ಪುಡಿ, ಒಂದಿಷ್ಟು ಕೊತ್ತಂಬರಿ ಸೊಪ್ಪು ಸೇರಿಸಿದ್ದರೆ ಯಾರೂ ತಪ್ಪು ಅನ್ನುತ್ತಿರಲಿಲ್ಲ.