ಹಳ್ಳಿಯಲ್ಲಿರುವ ಅಪ್ಪ ಅಮ್ಮನಿಗೆ ಸರ್ಕಾರಿ ಆಸ್ಪತ್ರೆ ಸಾಕಾ, ಇಲ್ಲ ನೇರವಾಗಿ ಬೆಂಗಳೂರಿನ ಖಾಸಗಿ ಆಸ್ಪತ್ರೆಗೇ ಹೋಗೋದು ಒಳ್ಳೆಯದಾ?

ಚಿಂತಾಮಣಿ ಪಕ್ಕದ ಹಳ್ಳಿಯಲ್ಲಿ ಅರವತ್ತು ದಾಟಿದ ಅಪ್ಪ ಅಮ್ಮ, ಬೆಂಗಳೂರಲ್ಲಿ ನಿಮ್ಮ ಕೆಲಸ, ಇಬ್ಬರಿಗೂ ಬಿಪಿ, ಎಲ್ಲಿ ತೋರಿಸಬೇಕು ಅಂತ ಬರೆದು ಕೇಳಿದ್ದೀರಿ. ಊರು ಕೋಲಾರದ ಕಡೆ ಅಂತ ಬದಲಾಯಿಸಿದರೆ ಇದು 2019ರ ನಮ್ಮ ಮನೆಯ ಕಥೆ. ಆಗ ನಾನು ಯಾರನ್ನೂ ಕೇಳಲಿಲ್ಲ. ನೇರವಾಗಿ ಬೆಂಗಳೂರಿಗೇ ಹೋದೆ.

ನಮ್ಮದು ಶ್ರೀನಿವಾಸಪುರ ತಾಲೂಕು. ಎರಡು ಎಕರೆ ಮಾವಿನ ತೋಪು, ಎರಡು ಸೀಮೆಹಸು, ಒಂದು ಬಿಪಿಎಲ್ ಕಾರ್ಡು. ಆ ವರ್ಷ ಕಾಯಿ ಕೀಳುವ ಹೊತ್ತಲ್ಲಿ ಅಪ್ಪ ತೋಪಿನಿಂದ ಮನೆಗೆ ಬರುವಷ್ಟರಲ್ಲಿ ಮೂರು ಕಡೆ ಕೂತು ಬರುತ್ತಿದ್ದರು. ಕೇಳಿದರೆ ಗ್ಯಾಸ್ ಅನ್ನುತ್ತಿದ್ದರು. ನಡೆದರೆ ಎದೆ ಹಿಡಿಯುತ್ತೆ, ಕೂತರೆ ಬಿಡುತ್ತೆ ಅಂತ ಅಮ್ಮ ಫೋನಲ್ಲಿ ಹೇಳಿದ ದಿನವೇ ನಾನು ಗಾಡಿ ಮಾಡಿಕೊಂಡು ಹೋಗಿ ಅಪ್ಪನನ್ನು ಕರೆತಂದೆ. ದಾರಿಯಲ್ಲಿ ನಮ್ಮ ಪಿಎಚ್‌ಸಿ, ಅಂದರೆ ಪ್ರಾಥಮಿಕ ಆರೋಗ್ಯ ಕೇಂದ್ರ, ಬಂತು, ಶ್ರೀನಿವಾಸಪುರದ ತಾಲೂಕು ಆಸ್ಪತ್ರೆ ಬಂತು, ಕೋಲಾರದ ಜಿಲ್ಲಾ ಆಸ್ಪತ್ರೆಯೂ ಬಂತು. ಒಂದು ಕಡೆಯೂ ಗಾಡಿ ನಿಲ್ಲಿಸಲಿಲ್ಲ.

ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಆಂಜಿಯೋಗ್ರಾಂ ಆಯಿತು. ಮೂರು ಕಡೆ ಬ್ಲಾಕ್, ಬೈಪಾಸ್ ಆಗಬೇಕು ಅಂದರು. ಆ ಡಾಕ್ಟರು ಒಳ್ಳೆಯವರು. 'ಗಾಬರಿ ಬೇಡ, ಇವತ್ತೇ ಆಗಬೇಕು ಅಂತೇನಿಲ್ಲ, ವಾರದೊಳಗೆ ಮಾಡಿಸಿದರೆ ಸಾಕು' ಅಂತ ಬಾಯಿಬಿಟ್ಟು ಹೇಳಿದರು. ಈ ಮಾತು ನೆನಪಿಟ್ಟುಕೊಳ್ಳಿ. ಮುಂದಿನದೆಲ್ಲ ಇದರ ಮೇಲೇ ನಿಂತಿದೆ.

ಕೆಳಗೆ ಆರೋಗ್ಯಮಿತ್ರ, ಅಂದರೆ ಸರ್ಕಾರದ ಆರೋಗ್ಯ ಯೋಜನೆಯ ಸಹಾಯಕ, ಅಂತ ಬೋರ್ಡ್ ಹಾಕಿದ್ದ ಮೇಜಿನಲ್ಲಿ ಒಬ್ಬ ಹುಡುಗ ಕೂತಿದ್ದ. ರೇಷನ್ ಕಾರ್ಡ್ ತೋರಿಸಿದೆ. 'ಅಣ್ಣ, ರೆಫರಲ್ ಲೆಟರ್ ತಂದಿದ್ದೀರಾ?' ಅಂತ ಕೇಳಿದ. ಅದೇನು ಅಂತಲೇ ನನಗೆ ಗೊತ್ತಿರಲಿಲ್ಲ. ಅವನು ಸಮಾಧಾನವಾಗಿ ಬಿಡಿಸಿ ಹೇಳಿದ. 'ನಾಳೆ ಬೆಳಿಗ್ಗೆ ಕೋಲಾರಕ್ಕೆ ಹೋಗಿ ಬರೆಸಿಕೊಂಡು ಬನ್ನಿ, ಇಲ್ಲಿ ಒಂದು ರೂಪಾಯಿ ಕಟ್ಟುವ ಹಾಗಿಲ್ಲ' ಅಂದ. ನನ್ನ ಸೋದರಮಾವ ಪಕ್ಕದಲ್ಲೇ ಇದ್ದರು. 'ಇಂಥ ಹೊತ್ತಲ್ಲಿ ಕಾಗದಕ್ಕೆ ಅಲೆಯುತ್ತೀಯಾ? ಅಪ್ಪನಿಗಿಂತ ದುಡ್ಡು ಜಾಸ್ತಿಯಾ?' ಅಂದರು. ಆ ಮಾತು ನನಗೆ ನಾಟಿತು. ಸಂಜೆಯೇ ಹೋಗಿ ಮುಂಗಡ ಕಟ್ಟಿಬಿಟ್ಟೆ.

ನನ್ನ ತಪ್ಪು ಇದು. ಎಷ್ಟೋ ಜನ ಇದನ್ನೇ ಮಾಡುತ್ತಾರೆ, ಅದಕ್ಕೇ ಬಿಡಿಸಿ ಹೇಳುತ್ತೇನೆ.

2018ರ ಮಾರ್ಚಲ್ಲಿ ಆರೋಗ್ಯ ಕರ್ನಾಟಕ ಅಂತ ರಾಜ್ಯ ಸರ್ಕಾರದ ಯೋಜನೆ ಶುರುವಾಯಿತು. ಅದೇ ವರ್ಷ ಅದನ್ನು ಕೇಂದ್ರದ ಆಯುಷ್ಮಾನ್ ಭಾರತ್ ಜೊತೆ ಸೇರಿಸಿದರು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಉಚಿತ. ಎಪಿಎಲ್ ಆದರೆ ಸರ್ಕಾರ ಗೊತ್ತು ಮಾಡಿದ ಪ್ಯಾಕೇಜ್ ದರದಲ್ಲಿ 30 ಪರ್ಸೆಂಟ್ ಸರ್ಕಾರ ಕೊಡುತ್ತೆ, ಉಳಿದದ್ದು ನಾವು. ಆದರೆ ಈ ದುಡ್ಡಿಗೆ ಒಂದು ದಾರಿ ಇದೆ. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿನ ಡಾಕ್ಟರು ನೋಡಿ, ಈ ಚಿಕಿತ್ಸೆ ಇಲ್ಲಿ ಆಗಲ್ಲ ಅಂತ ಬರೆದುಕೊಡಬೇಕು. ಆ ಕಾಗದ ಇದ್ದರೆ ಯೋಜನೆಗೆ ಸೇರಿರುವ ಖಾಸಗಿ ಆಸ್ಪತ್ರೆಯ ಬಾಗಿಲೂ ತೆರೆಯುತ್ತೆ. ಪ್ರಾಣಕ್ಕೆ ಬಂದ ತುರ್ತು ಕೇಸಿಗೆ ಮಾತ್ರ ಕಾಗದ ಬೇಡ, ನೇರ ಹೋಗಬಹುದು. ನಮ್ಮದು ತುರ್ತಲ್ಲ. ಡಾಕ್ಟರೇ ವಾರ ಇದೆ ಅಂದಿದ್ದರಲ್ವಾ? ಇನ್ನೊಂದು ವಿಷಯ, ಕೈಯಿಂದ ಕಟ್ಟಿದ ಮೇಲೆ ರಸೀದಿ ತೋರಿಸಿ ವಾಪಸ್ ಪಡೆಯುತ್ತೇನೆ ಅಂದರೆ ಆಗಲ್ಲ. ಯೋಜನೆ ದುಡ್ಡು ಕೊಡುವುದು ಆಸ್ಪತ್ರೆಗೆ, ನಮ್ಮ ಕೈಗಲ್ಲ.

ಒಂದು ದಿನ ಸಾಕಾಗಿತ್ತು. ಕೋಲಾರ ಬೆಂಗಳೂರಿನಿಂದ ಸುಮಾರು 70 ಕಿಲೋಮೀಟರ್. ಬೆಳಿಗ್ಗೆ ಹೊರಟು ಚೀಟಿ ಮಾಡಿಸಿ, ಆಂಜಿಯೋಗ್ರಾಂ ರಿಪೋರ್ಟ್ ತೋರಿಸಿ, ಬರೆಸಿಕೊಂಡು ಸಂಜೆಗೆ ವಾಪಸ್ ಬರಬಹುದಿತ್ತು. ಯಾಕೆ ಹೋಗಲಿಲ್ಲ ಅಂತ ಎಷ್ಟೋ ರಾತ್ರಿ ಯೋಚಿಸಿದ್ದೇನೆ. ಆ ಒಂದು ದಿನದಲ್ಲಿ ಅಪ್ಪನಿಗೆ ಏನಾದರೂ ಆಗಿಬಿಟ್ಟರೆ ಅನ್ನೋ ಭಯ ಒಂದು. ಸರ್ಕಾರಿ ಆಸ್ಪತ್ರೆಯವರು ಕಾಗದ ಕೊಡದೆ ಅಲ್ಲೇ ಮಲಗಿಸಿಕೊಂಡರೆ ಅನ್ನೋ ಅನುಮಾನ ಇನ್ನೊಂದು. ಇವೆರಡಕ್ಕಿಂತ ದೊಡ್ಡದು, ಮಗ ಬೆಂಗಳೂರಲ್ಲಿ ದುಡೀತಾನೆ, ಅಪ್ಪನನ್ನ ಧರ್ಮಾಸ್ಪತ್ರೆಗೆ ಕರ್ಕೊಂಡು ಹೋದ ಅಂತ ನೆಂಟರು ಆಡಿಕೊಳ್ಳುತ್ತಾರೆ ಅನ್ನೋದು. ಆ ಮೂರನೆಯದನ್ನು ಅವತ್ತು ಒಪ್ಪಿಕೊಳ್ಳುತ್ತಿರಲಿಲ್ಲ. ಇವತ್ತು ಒಪ್ಪಿಕೊಳ್ಳುತ್ತೇನೆ.

ಎಲ್ಲಾ ಸೇರಿ ಮೂರು ಲಕ್ಷದ ಹತ್ತಿರ ಆಯಿತು. ಹಸುಗಳು ಹೋದವು. ತೋಪಿನ ಎರಡು ವರ್ಷದ ಫಸಲನ್ನು ಮಂಡಿ ಸಾಹುಕಾರರಿಗೆ ಮೊದಲೇ ಬರೆದುಕೊಟ್ಟೆ. ಹಾಲಿನ ಬಟವಾಡೆ ಅಮ್ಮನ ಕೈಗೆ ಬರುತ್ತಿದ್ದ ಒಂದೇ ದುಡ್ಡು. ಅದು ನಿಂತ ಮೇಲೂ ಸುಮಾರು ದಿನ ಬೆಳಿಗ್ಗೆ ಐದಕ್ಕೇ ಎದ್ದು ಖಾಲಿ ಕೊಟ್ಟಿಗೆ ಗುಡಿಸುತ್ತಿದ್ದರು. ಒಂದು ಮಾತೂ ಅನ್ನಲಿಲ್ಲ.

ಮೂರು ತಿಂಗಳಾದ ಮೇಲೆ ಪಕ್ಕದೂರಿನ ಒಬ್ಬರಿಗೆ ಅದೇ ಆಸ್ಪತ್ರೆಯಲ್ಲಿ ಅದೇ ಬೈಪಾಸ್ ಆಯಿತು. ಅವರ ಊರಿನ ಆಶಾ ಕಾರ್ಯಕರ್ತೆ ಮೊದಲೇ ತಾಲೂಕು ಆಸ್ಪತ್ರೆಗೆ ಕಳಿಸಿ, ಅಲ್ಲಿಂದ ಕಾಗದ ಮಾಡಿಸಿಕೊಟ್ಟಿದ್ದರಂತೆ. ಅವರು ಕಟ್ಟಿದ್ದು ಸೊನ್ನೆ. ಅದನ್ನು ಕೇಳಿದ ದಿನ ನನಗೆ ಊಟ ಸೇರಲಿಲ್ಲ.

ಹಾಗಾಗಿ ಸರ್ಕಾರಿನಾ ಖಾಸಗಿನಾ ಅಂತ ನೀವು ಕೇಳಿದ್ದನ್ನೇ ನಾನು ಒಪ್ಪಲ್ಲ. ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ದುಡ್ಡಿಲ್ಲದೆ ಹೋಗುವ ದಾರಿ ನಿಮ್ಮೂರ ಪಿಎಚ್‌ಸಿ ಮುಂದಿನಿಂದಲೇ ಹೋಗುತ್ತೆ. ಅಪ್ಪ ಅಮ್ಮ ಆರೋಗ್ಯವಾಗಿರುವಾಗಲೇ ಅಲ್ಲಿ ಮುಖ ಪರಿಚಯ ಇರಬೇಕು. ಈಗ ಎಲ್ಲಾ ಕಡೆ ಮೂವತ್ತು ದಾಟಿದವರಿಗೆ ಬಿಪಿ, ಶುಗರ್ ಉಚಿತವಾಗಿ ನೋಡುತ್ತಾರೆ. ಬಾಯಿ, ಸ್ತನ, ಗರ್ಭಕೋಶದ ಬಾಯಿಯ ಕ್ಯಾನ್ಸರ್ ಇದೆಯಾ ಅಂತಲೂ ತಪಾಸಣೆ ಇದೆ. ನಮ್ಮ ಹೆಂಗಸರು ಸಂಕೋಚಕ್ಕೆ ಈ ಕೊನೆಯದನ್ನು ಬಿಟ್ಟುಬಿಡುತ್ತಾರೆ, ಅಮ್ಮನಿಗೆ ನೀವೇ ಹೇಳಿ ಮಾಡಿಸಿ. ಬಿಪಿ ಮಾತ್ರೆಗೆ ತಿಂಗಳು ತಿಂಗಳು ಬೆಂಗಳೂರಿಗೆ ಕರೆತರುವುದು ಸುಮ್ನೆ ಮೈ ನೋಯಿಸೋದು. ಅದೇ ಮಾತ್ರೆ ಪಿಎಚ್‌ಸಿಯಲ್ಲೇ ಕೊಡುತ್ತಾರೆ. ನಮ್ಮಪ್ಪ ಆಪರೇಷನ್ ಆದ ಮೊದಲ ವರ್ಷ ತಿಂಗಳಿಗೆ ಸಾವಿರದ ಎಂಟುನೂರು ರೂಪಾಯಿ ಮಾತ್ರೆಗೇ ಸುರಿದರು. ಈಗ ಬಿಪಿದು, ಶುಗರ್‌ದು, ರಕ್ತ ತೆಳುವಾಗಿಸೋದು ಎಲ್ಲ ಪಿಎಚ್‌ಸಿಯಿಂದಲೇ. ಒಮ್ಮೊಮ್ಮೆ ಒಂದು ಮಾತ್ರೆ ಸ್ಟಾಕ್ ಇರಲ್ಲ. ಆಗ ಅದೊಂದನ್ನು ಜನೌಷಧಿ ಅಂಗಡಿಯಲ್ಲಿ ತರುತ್ತೇವೆ. ಮಧ್ಯಾಹ್ನದ ಮೇಲೆ ಹೋದರೆ ಡಾಕ್ಟರು ಸಿಗದ ದಿನಗಳೂ ಇವೆ. ಅದಕ್ಕೆ ಬೆಳಿಗ್ಗೆಯೇ ಹೋಗಬೇಕು. ಇಷ್ಟಕ್ಕೆ ಬೇಸರಪಟ್ಟು ಬಿಟ್ಟರೆ ನಷ್ಟ ನಮಗೇ.

ಎದೆನೋವು ಜೋರಾಗಿ ಬಂದರೆ ಮಾತ್ರ ಲೆಕ್ಕ ಬೇರೆ. ಬೆವರು, ಎಡಗೈ ಸೆಳೆತ, ಕೂತರೂ ನೋವು ಬಿಡುತ್ತಿಲ್ಲ ಅಂದರೆ ಬೆಂಗಳೂರಿನ ಟ್ರಾಫಿಕ್ ನಂಬಿಕೊಂಡು ಹೊರಡಬೇಡಿ. 108ಕ್ಕೆ ಫೋನ್ ಮಾಡಿ, ಹತ್ತಿರದ ತಾಲೂಕು ಆಸ್ಪತ್ರೆಗೆ ಹೋಗಿ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆ ಇರುವ ತಾಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು, ಆ ಇಸಿಜಿಯನ್ನು ಜಯದೇವ ಹೃದ್ರೋಗ ಆಸ್ಪತ್ರೆಯಂಥ ದೊಡ್ಡ ಆಸ್ಪತ್ರೆಗೆ ಕಳಿಸಿ, ಹೃದಯಾಘಾತ ಅಂತ ಖಚಿತವಾದರೆ ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ ತಾಲೂಕು ಆಸ್ಪತ್ರೆಯಲ್ಲೇ ಉಚಿತವಾಗಿ ಕೊಡುತ್ತಾರೆ. ಹೊರಗಡೆ ಆ ಇಂಜೆಕ್ಷನ್ನಿಗೆ ಸಾವಿರಾರು ರೂಪಾಯಿ. ದುಡ್ಡಿಗಿಂತ ಮುಖ್ಯ ಹೊತ್ತು. ಮೊದಲ ಗಂಟೆಯಲ್ಲಿ ಬಿದ್ದ ಇಂಜೆಕ್ಷನ್ ಹೃದಯ ಉಳಿಸುತ್ತೆ.

ಹಾವಿನ ವಿಷಯವೂ ಹಾಗೇ. ಹೋದ ವರ್ಷ ನಮ್ಮೂರಲ್ಲಿ ಟೊಮೇಟೊ ಬಿಡಿಸುವಾಗ ಒಬ್ಬ ಹೆಂಗಸಿಗೆ ಕೊಳಕುಮಂಡಲ ಕಚ್ಚಿತು. ಹಗ್ಗ ಬಿಗಿಯೋಕೂ, ನಾಟಿ ಔಷಧಿಯವರ ಹತ್ತಿರ ಓಡೋಕೂ ಬಿಡದೆ, ಕಾಲು ಅಲುಗಾಡದ ಹಾಗೆ ಮಲಗಿಸಿ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ವಿಷಕ್ಕೆ ಕೊಡುವ ಔಷಧಿ ಅಲ್ಲೇ ಇತ್ತು, ಉಚಿತ. ಈಗ ಅವರು ಕೂಲಿಗೆ ಹೋಗುತ್ತಿದ್ದಾರೆ. 2024ರಿಂದ ನಮ್ಮ ರಾಜ್ಯದಲ್ಲಿ ಹಾವು ಕಚ್ಚಿದ ಪ್ರತಿ ಕೇಸನ್ನೂ ಖಾಸಗಿಯವರು ಸೇರಿ ಎಲ್ಲಾ ಆಸ್ಪತ್ರೆಗಳೂ ಸರ್ಕಾರಕ್ಕೆ ವರದಿ ಮಾಡಲೇಬೇಕು.

ನೀವು ಈ ಭಾನುವಾರ ಊರಿಗೆ ಹೋಗುತ್ತೀರಿ ಅಂತ ಬರೆದಿದ್ದೀರಿ. ಆಸ್ಪತ್ರೆ ಹುಡುಕೋದು ಆಮೇಲೆ ಇರಲಿ. ಮೊದಲು ಅಪ್ಪ ಅಮ್ಮನ ಆಧಾರ್ ಮತ್ತೆ ರೇಷನ್ ಕಾರ್ಡ್ ಪಕ್ಕಪಕ್ಕ ಇಟ್ಟು ಹೆಸರು ಅಕ್ಷರ ಅಕ್ಷರ ಓದಿ ನೋಡಿ. ನಮ್ಮಪ್ಪನ ಹೆಸರು ಒಂದರಲ್ಲಿ ಇನಿಶಿಯಲ್ ಸಮೇತ ಇತ್ತು, ಇನ್ನೊಂದರಲ್ಲಿ ಇರಲಿಲ್ಲ, ಸರಿಮಾಡಿಸೋಕೆ ಒಂದೂವರೆ ತಿಂಗಳು ಹಿಡಿಯಿತು. ಹೆಸರು ಸರಿ ಇದ್ದರೆ ಸೋಮವಾರ ಅರ್ಧ ದಿನ ರಜೆ ಹಾಕಿ ಇಬ್ಬರನ್ನೂ ಸರ್ಕಾರಿ ಸೇವೆ ಸಿಗುವ ಗ್ರಾಮ ಒನ್ ಕೇಂದ್ರಕ್ಕೆ ಕರೆದುಕೊಂಡು ಹೋಗಿ ಈ ಯೋಜನೆಯ ಆಯುಷ್ಮಾನ್ ಕಾರ್ಡ್ ಮಾಡಿಸಿ. ಬೆರಳಚ್ಚು ಕೇಳಬಹುದು, ಅದಕ್ಕೆ ಅವರೇ ಬಂದರೆ ಒಳ್ಳೆಯದು. ವಾಪಸ್ ಬರುವಾಗ ನಿಮ್ಮೂರ ಆಶಾ ಅವರ ನಂಬರ್ ತಗೊಂಡು, ನಿಮ್ಮ ನಂಬರ್ ಅವರಿಗೆ ಕೊಟ್ಟು ಬನ್ನಿ.