ಪೆಡಲ್ ಸ್ಟೀಲ್ ಗಿಟಾರಿಗೆ ವಾಲ್ಯೂಮ್ ಪೆಡಲ್: 25ಕೆ ಸಾಕಾ, 250ಕೆ ಬೇಕಾ?

25ಕೆ ಬೇಡ. (ಈ ಅಂಕಿ ಪೆಡಲ್ ಒಳಗಿನ ಪಾಟಿನದು, ಅಂದರೆ ಸದ್ದು ಏರಿಳಿಸುವ ರೆಸಿಸ್ಟರಿನದು; ಕೆ ಎಂದರೆ ಕಿಲೋ ಓಮ್.) 25ಕೆ ಇರುವುದು ಕೀಬೋರ್ಡಿಗೆ, ಇಲ್ಲವೇ ಬಫರ್ (ಸಿಗ್ನಲ್ ಕುಗ್ಗದಂತೆ ಕಾಯುವ ಸರ್ಕ್ಯೂಟ್) ದಾಟಿ ಬಂದ ಸಿಗ್ನಲ್‌ಗೆ. ಸ್ಟೀಲ್‌ನ ಪ್ಯಾಸಿವ್ (ಬ್ಯಾಟರಿ, ಕರೆಂಟ್ ಇಲ್ಲದ) ಪಿಕಪ್ಪನ್ನು ನೇರ ಅದಕ್ಕೆ ಕೊಟ್ಟರೆ ಲೋಡ್ ಬಿದ್ದು ಟ್ರೆಬಲ್ ಸತ್ತೇ ಹೋಗುತ್ತದೆ. ಕನಿಷ್ಠ 250ಕೆ, ಸಿಕ್ಕರೆ 500ಕೆ ಆಡಿಯೊ ಟೇಪರ್ (ಕಿವಿಗೆ ಸದ್ದು ಸಮನಾಗಿ ಏರುವಂಥ) ಪಾಟ್ ಇರುವುದನ್ನು ತಗೊಳ್ಳಿ.

ಆಗಲೂ ಪೆಡಲ್ ಅರ್ಧದಲ್ಲಿದ್ದಾಗ ಸದ್ದು ತುಸು ಮಂಕಾಗುತ್ತದೆ. ಪಾಟಿನ ರೆಸಿಸ್ಟೆನ್ಸೂ ಮುಂದಿನ ಕೇಬಲ್ಲಿನ ಕೆಪಾಸಿಟೆನ್ಸೂ ಸೇರಿ ಟ್ರೆಬಲ್ ತಿನ್ನುತ್ತವೆ. ಸ್ಟೀಲ್‌ನಲ್ಲಿ ಪೆಡಲ್ ಬಹುಪಾಲು ಆ ಅರ್ಧದ ಸುತ್ತಲೇ ಇರುತ್ತದೆ: ತಂತಿ ಮೀಟುವಾಗ ಅರ್ಧ, ನಾದ ಇಳಿದಂತೆ ಮೆಲ್ಲಗೆ ಮುಂದಕ್ಕೆ. ಹಾಗಾಗಿ ಪೆಡಲ್‌ನಿಂದ ಆಂಪ್‌ಗೆ ಹೋಗುವ ಕೇಬಲ್ ಆದಷ್ಟು ಗಿಡ್ಡವಿರಲಿ.

ಎತ್ತರ ನೋಡದೆ ಕೊಳ್ಳಬೇಡಿ. ಪೆಡಲ್ ಎತ್ತರವಾದರೆ ಬಲಮೊಣಕಾಲು ಸ್ಟೀಲ್ ಕೆಳಗಿನ ಲಿವರ್‌ಗೆ (ಮೊಣಕಾಲಿಂದ ಸರಿಸಿ ಸ್ವರ ಬದಲಿಸುವ ಕಡ್ಡಿಗೆ) ತಾಗುತ್ತದೆ.

ಪಾಟ್ ಸವೆದಾಗ ಕರಕರ ಸದ್ದು ಬರುವುದು ಸಹಜ, ಬದಲಾಯಿಸಬಹುದು. ಹಿಲ್ಟನ್ ಎಂಬ ಕಂಪನಿಯದರಂಥ, ಪಾಟ್ ಬದಲು ಬೆಳಕಿನಿಂದ ಸದ್ದು ಏರಿಳಿಸುವ ಪೆಡಲ್‌ನಲ್ಲಿ ಆ ತಾಪತ್ರಯವಿಲ್ಲ, ಆದರೆ ಕರೆಂಟ್ ಬೇಕು.